ಗದ್ದದ ಆಕಾರ ತಿದ್ದುವ ಆಪರೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಬಾಯಿ, ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ. ಪಿಯುಸಿ ಪರೀಕ್ಷೆ ಮುಗಿದ ಮೇಲೆ ಒಂದು ಸಲ, ಮದುವೆ ಸೀಸನ್‌ಗೆ ಮುಂಚೆ ಇನ್ನೊಂದು ಸಲ, ಗದ್ದದ ಬಗ್ಗೆ ಕೇಳಿಕೊಂಡು ಬರುವವರು ಜಾಸ್ತಿಯಾಗುತ್ತಾರೆ. ಎದುರಿಗೆ ಕೂತಾಗ ಅರ್ಧ ಪ್ರಶ್ನೆ ಮರೆತುಹೋಗುತ್ತದೆ. ಮನೆಗೆ ಹೋದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಕೇಳುತ್ತಾರೆ. ಅಂಥ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಊರುಗಳಲ್ಲಿ ಇದನ್ನೇ ಗಲ್ಲ ಅನ್ನುತ್ತಾರೆ, ಇನ್ನು ಕೆಲವು ಕಡೆ ಗಲ್ಲ ಅಂದರೆ ಕೆನ್ನೆ. ನಾನು ಗದ್ದ ಅನ್ನುವುದು ಕೆಳತುಟಿಯ ಕೆಳಗೆ, ಕೆಳದವಡೆಯ ತುದಿಯಲ್ಲಿರುವ ಭಾಗಕ್ಕೆ.

ಗದ್ದ ಚಿಕ್ಕದು ಅಂತ ಬಂದರೆ ಮೊದಲು ಹಲ್ಲು ಯಾಕೆ ನೋಡುತ್ತೀರಿ?

ಗದ್ದ ಒಳಗೆ ಹೋದ ಹಾಗೆ ಕಾಣುವುದಕ್ಕೆ ಎರಡು ಬೇರೆ ಬೇರೆ ಕಾರಣ ಇರಬಹುದು. ಒಂದು, ದವಡೆ ಸರಿಯಾಗಿದ್ದು ಗದ್ದದ ಎಲುಬು ಮಾತ್ರ ಚಿಕ್ಕದಿರುವುದು. ಇನ್ನೊಂದು, ಇಡೀ ಕೆಳದವಡೆಯೇ ಹಿಂದೆ ಉಳಿದಿರುವುದು. ಎರಡನೆಯದಾದರೆ ಹಲ್ಲು ಕಚ್ಚಿದಾಗ ಮೇಲಿನ ಸಾಲು ಕೆಳಗಿನ ಸಾಲಿಗಿಂತ ತುಂಬ ಮುಂದೆ ಇರುತ್ತದೆ. ತುಟಿ ಮುಚ್ಚಲು ಒತ್ತಾಯ ಮಾಡಬೇಕಾಗುತ್ತದೆ, ಆಗ ಗದ್ದದ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ ಆಗುತ್ತದೆ. ಕನ್ನಡಿ ಮುಂದೆ ನಿಂತು ನೀವೇ ನೋಡಿಕೊಳ್ಳಬಹುದು.

ಇಂಥವರಿಗೆ ಗದ್ದ ಮಾತ್ರ ಮುಂದೆ ತಂದರೆ ಪಕ್ಕದಿಂದ ಮುಖ ಚೆನ್ನಾಗಿ ಕಾಣಬಹುದು. ಆದರೆ ಹಲ್ಲಿನ ಕಚ್ಚು ಹಾಗೇ ಉಳಿಯುತ್ತದೆ. ತುಟಿ ಮತ್ತು ಗದ್ದದ ನಡುವಿನ ಗೆರೆ ಇನ್ನೂ ಆಳವಾಗಿ, ಮುಖಕ್ಕೆ ವಯಸ್ಸಾದ ಹಾಗೆ ಕಾಣಿಸಬಹುದು. ಅವರಿಗೆ ಸರಿಯಾದ ದಾರಿ ಹಲ್ಲಿಗೆ ಕ್ಲಿಪ್ ಹಾಕಿಸಿ, ಆಮೇಲೆ ದವಡೆಯನ್ನೇ ಮುಂದೆ ತರುವ ಆಪರೇಷನ್. ಅದು ಒಂದೂವರೆ ಎರಡು ವರ್ಷದ ಕೆಲಸ. ಅಷ್ಟು ಸಮಯ ಇಲ್ಲ, ಗದ್ದ ಮಾತ್ರ ಸಾಕು ಅಂತ ಎಲ್ಲ ತಿಳಿದುಕೊಂಡು ನಿರ್ಧಾರ ಮಾಡುವವರೂ ಇದ್ದಾರೆ, ಅದು ತಪ್ಪಲ್ಲ. ಹೀಗೊಂದು ದಾರಿ ಇದೆ ಅಂತ ಯಾರೂ ಹೇಳದೆ ಆಪರೇಷನ್ ಟೇಬಲ್ ಮೇಲೆ ಮಲಗಿಸುವುದು ಮಾತ್ರ ತಪ್ಪು.

ಹಾಗಾಗಿ ಮೊದಲ ದಿನ ನಾನು ಓಪಿಜಿ (ಎರಡೂ ದವಡೆ, ಎಲ್ಲ ಹಲ್ಲು ಒಟ್ಟಿಗೆ ಕಾಣುವ ಎಕ್ಸ್‌ರೇ), ಸೆಫಲೋಗ್ರಾಂ (ಪಕ್ಕದಿಂದ ತೆಗೆಯುವ ತಲೆಯ ಎಕ್ಸ್‌ರೇ) ಮತ್ತು ಫೋಟೋಗಳನ್ನು ಕೇಳುತ್ತೇನೆ. ಗದ್ದ ಒಂದು ಪಕ್ಕಕ್ಕೆ ಸೊಟ್ಟಗಿದ್ದರೆ ಎಲುಬನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಕೂಡ ಬೇಕು.

ಸೆಲ್ಫಿಯಲ್ಲಿ ನನ್ನ ಗದ್ದ ಇಲ್ಲವೇ ಇಲ್ಲ ಅನ್ನಿಸುತ್ತದೆ. ಅದು ನಿಜವಾ?

ಸೆಲ್ಫಿ ನಂಬಬೇಡಿ. ಮೊಬೈಲನ್ನು ಕೈಯಳತೆಯಲ್ಲಿ, ಅದೂ ಸ್ವಲ್ಪ ಮೇಲೆ ಹಿಡಿದಾಗ ಹತ್ತಿರ ಇರುವ ಮೂಗು ದೊಡ್ಡದಾಗಿ, ದೂರ ಇರುವ ಗದ್ದ ಚಿಕ್ಕದಾಗಿ ಬೀಳುತ್ತದೆ. ಬೇರೆಯವರ ಕೈಯಲ್ಲಿ ಒಂದೂವರೆ ಎರಡು ಮೀಟರ್ ದೂರದಿಂದ, ನಿಮ್ಮ ಮುಖದ ಎತ್ತರಕ್ಕೇ ಹಿಡಿದು, ಪಕ್ಕದಿಂದ ಒಂದು ಫೋಟೋ ತೆಗೆಸಿ. ಎಷ್ಟೋ ಜನ ಆ ಫೋಟೋ ನೋಡಿ, ಇಷ್ಟೇನಾ ಅಂದುಕೊಂಡು ಸಮಾಧಾನವಾಗಿ ವಾಪಸ್ ಹೋಗಿದ್ದಾರೆ. ನನಗೆ ಅದರಲ್ಲಿ ನಿಜವಾಗಿಯೂ ಖುಷಿ.

ಎಲುಬು ಕತ್ತರಿಸಿ ಮಾಡುವ ವಿಧಾನ ಹೇಗಿರುತ್ತದೆ?

ಇದಕ್ಕೆ ಜೀನಿಯೋಪ್ಲಾಸ್ಟಿ ಅನ್ನುತ್ತೇವೆ. 1942ರಲ್ಲಿ ಹೋಫರ್ ಎಂಬ ವೈದ್ಯರು ಇದನ್ನು ವಿವರಿಸಿದಾಗ ಗಾಯ ಹೊರಗಡೆ ಚರ್ಮದ ಮೇಲಿತ್ತು. 1957ರಲ್ಲಿ ಟ್ರೌನರ್ ಮತ್ತು ಓಬ್‌ವೆಗೆಸರ್ ಬಾಯಿಯ ಒಳಗಿನಿಂದಲೇ ಮಾಡುವ ದಾರಿ ತೋರಿಸಿದರು. ಇವತ್ತಿಗೂ ನಾವು ಹೋಗುವುದು ಅದೇ ದಾರಿಯಲ್ಲಿ. ಹೊರಗೆ ಗಾಯದ ಗುರುತು ಇರುವುದಿಲ್ಲ.

ಪೂರ್ತಿ ಅರಿವಳಿಕೆ ಕೊಟ್ಟು, ಉಸಿರಾಟದ ನಳಿಕೆಯನ್ನು ಮೂಗಿನಿಂದ ಇಳಿಸುತ್ತಾರೆ. ಕೆಳತುಟಿಯನ್ನು ಹೊರಗೆ ಮಗುಚಿ, ಒಸಡಿನಿಂದ ಸ್ವಲ್ಪ ದೂರದಲ್ಲಿ, ತುಟಿಯ ಕಡೆಗೆ ಕುಯ್ಯುತ್ತೇವೆ. ಒಸಡಿಗೇ ತಾಗಿಸಿ ಕುಯ್ದರೆ ಕೊನೆಗೆ ಹೊಲಿಗೆ ಹಿಡಿಯಲು ಮಾಂಸವೇ ಇರುವುದಿಲ್ಲ. ಒಳಗೆ ಮೆಂಟಾಲಿಸ್ ಅನ್ನುವ ಸ್ನಾಯು ಸಿಗುತ್ತದೆ. ಕೆಳತುಟಿಯನ್ನು ಎತ್ತಿ ಹಿಡಿಯುವುದು ಅದೇ. ಅದನ್ನು ಬಿಡಿಸುವಾಗಲೇ, ಕೊನೆಯಲ್ಲಿ ಇದನ್ನು ಇದೇ ಜಾಗಕ್ಕೆ ಹೊಲಿಯಬೇಕು ಅಂತ ಮನಸ್ಸಿನಲ್ಲಿ ಇರಬೇಕು.

ಎಲುಬು ಕಂಡ ಮೇಲೆ ನಾನು ಗರಗಸ ಮುಟ್ಟುವ ಮುಂಚೆ ಬರ್ ಅನ್ನುವ ಸಣ್ಣ ತಿರುಗುವ ಮೊನೆಯಿಂದ ಎಲುಬಿನ ನಡುಮಧ್ಯೆ ಒಂದು ನೇರ ಗೆರೆ ಕೆತ್ತುತ್ತೇನೆ, ಎರಡೂ ಪಕ್ಕ ಇನ್ನೊಂದೊಂದು. ಕತ್ತರಿಸಿದ ತುಂಡು ಕೈಗೆ ಬಂದ ಮೇಲೆ ಯಾವುದು ಮಧ್ಯ ಅಂತ ಗೊತ್ತಾಗುವುದೇ ಈ ಗೆರೆಯಿಂದ. ರಕ್ತ ಒರೆಸಿ ನೋಡಿದರೆ ಮೇಲಿನ ಗೆರೆ, ಕೆಳಗಿನ ಗೆರೆ ಕೂಡಬೇಕು. ಕೂಡದಿದ್ದರೆ ಗದ್ದ ಸೊಟ್ಟ. ಒಂದು ನಿಮಿಷದ ಕೆಲಸ ಇದು. ಬಿಟ್ಟರೆ ಆ ಮನುಷ್ಯ ಜೀವನಪೂರ್ತಿ ಕನ್ನಡಿಯಲ್ಲಿ ಅದನ್ನೇ ನೋಡಬೇಕಾಗುತ್ತದೆ.

ಆಮೇಲೆ ಹಲ್ಲಿನ ಬೇರುಗಳಿಗಿಂತ ಕೆಳಗೆ, ಕೆಳತುಟಿಗೆ ಹೋಗುವ ನರ ಎಲುಬಿನಿಂದ ಹೊರಬರುವ ರಂಧ್ರಕ್ಕಿಂತ ಕನಿಷ್ಠ 5 ಮಿಲಿಮೀಟರ್ ಕೆಳಗೆ ಎಲುಬನ್ನು ಅಡ್ಡಡ್ಡ ಕತ್ತರಿಸುತ್ತೇವೆ. ಕೋರೆಹಲ್ಲಿನ ಬೇರು ಎಲ್ಲಕ್ಕಿಂತ ಉದ್ದ, ಅದರ ಅಳತೆ ಎಕ್ಸ್‌ರೇಯಲ್ಲಿ ಮೊದಲೇ ತೆಗೆದಿರಬೇಕು. ಕೆಳಗಿನ ತುಂಡನ್ನು ಬೇಕಾದ ಕಡೆಗೆ ಸರಿಸಿ ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿ ಬಿಗಿಯುತ್ತೇವೆ. ಮುಂದಕ್ಕೆ, ಹಿಂದಕ್ಕೆ, ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ, ಯಾವ ಕಡೆಗೆ ಬೇಕಾದರೂ ಸರಿಸಬಹುದು. ಈ ವಿಧಾನದ ದೊಡ್ಡ ಲಾಭ ಅದೇ. ಮುಂದಕ್ಕೆ ತರುವಾಗ ಎಲುಬು 10 ಮಿಲಿಮೀಟರ್ ಬಂದರೆ ಹೊರಗಿನ ಚರ್ಮ ಸುಮಾರು 8ರಿಂದ 9 ಮಿಲಿಮೀಟರ್ ಬರುತ್ತದೆ. ಎಲುಬಿನ ಹಿಂಭಾಗಕ್ಕೆ ಅಂಟಿರುವ ಸ್ನಾಯುಗಳನ್ನು ಬಿಡಿಸುವುದಿಲ್ಲ. ತುಂಡಿಗೆ ರಕ್ತ ಬರುವುದು ಅಲ್ಲಿಂದ.

ಎಲ್ಲ ಸೇರಿ ಒಂದರಿಂದ ಒಂದೂವರೆ ಗಂಟೆ. ಸಾಮಾನ್ಯವಾಗಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಉಳಿಯಬೇಕು.

ಇಂಪ್ಲಾಂಟ್ ಇಟ್ಟರೆ ಸುಲಭ ಅಲ್ವಾ?

ಆಪರೇಷನ್ ಸುಲಭ, ನಿಜ. ಗದ್ದದ ಅಡಿಯಲ್ಲಿ ಚಿಕ್ಕ ಗಾಯ ಮಾಡಿ ಅಥವಾ ಬಾಯಿಯೊಳಗಿಂದ, ಎಲುಬಿಗೆ ಅಂಟಿಕೊಂಡಂತೆ ಒಂದು ಚೀಲದಷ್ಟು ಜಾಗ ಮಾಡಿ ಇಂಪ್ಲಾಂಟ್, ಅಂದರೆ ಗದ್ದದ ಆಕಾರದ ಕೃತಕ ತುಂಡು, ಕೂರಿಸುತ್ತಾರೆ. ಗದ್ದ ಸ್ವಲ್ಪವೇ ಮುಂದೆ ಬರಬೇಕು, ಎತ್ತರದಲ್ಲಿ ವ್ಯತ್ಯಾಸ ಬೇಡ, ಹಲ್ಲಿನ ಕಚ್ಚು ಸರಿಯಾಗಿದೆ ಅನ್ನುವವರಿಗೆ ಇದು ಒಳ್ಳೆಯದೇ.

ಆದರೆ ಅದು ಹೊರಗಿನ ವಸ್ತು. ಸೋಂಕು ಹಿಡಿದರೆ ಎಷ್ಟೋ ಸಲ ತೆಗೆಯಲೇಬೇಕಾಗುತ್ತದೆ. ಸರಿಯಾಗಿ ಬಿಗಿಯದಿದ್ದರೆ ಪಕ್ಕಕ್ಕೆ ಜಾರಬಹುದು. ವರ್ಷಗಳು ಕಳೆದಂತೆ ಅದರ ಕೆಳಗಿನ ಎಲುಬು ಸ್ವಲ್ಪ ಸವೆಯುತ್ತದೆ. ಇಂಪ್ಲಾಂಟ್ ಮೇಲಕ್ಕೆ, ಹಲ್ಲಿನ ಬೇರಿನ ಹತ್ತಿರ ಕೂತಿದ್ದರೆ ಈ ಸವೆತ ತೊಂದರೆ ಕೊಡಬಹುದು. ಯಾವ ವಸ್ತು ಅಂತ ಕೇಳಿ. ಸಿಲಿಕೋನ್ ಆದರೆ ಸುತ್ತ ಒಂದು ಪೊರೆ ಕಟ್ಟಿಕೊಳ್ಳುತ್ತದೆ, ಬೇಕೆಂದಾಗ ಸುಲಭವಾಗಿ ತೆಗೆಯಬಹುದು. ಸಣ್ಣ ತೂತುಗಳಿರುವ ಪಾಲಿಥಿಲೀನ್ ಆದರೆ ಮಾಂಸ ಅದರೊಳಗೆ ಬೆಳೆದುಕೊಳ್ಳುತ್ತದೆ. ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ತೆಗೆಯುವುದು ಕಷ್ಟ.

ವಯಸ್ಸು ಇಪ್ಪತ್ತರ ಆಸುಪಾಸಿನಲ್ಲಿದ್ದರೆ ನಾನು ಸ್ವಂತ ಎಲುಬು ಸರಿಸುವುದನ್ನೇ ಹೇಳುತ್ತೇನೆ. ಇನ್ನೂ ಐವತ್ತು ಅರುವತ್ತು ವರ್ಷ ಬಾಳಬೇಕಾದ ಗದ್ದ ಅದು.

ಫಿಲ್ಲರ್ ಇಂಜೆಕ್ಷನ್ ಆದರೆ ಅಪಾಯವೇ ಇಲ್ಲವಂತೆ?

ಅಪಾಯ ಇದೆ. ಫಿಲ್ಲರ್ ಅಂದರೆ ಗದ್ದ ತುಂಬಿಕೊಂಡ ಹಾಗೆ ಕಾಣಲು ಒಳಗೆ ಚುಚ್ಚುವ ಜೆಲ್. ಹೈಲುರಾನಿಕ್ ಆಸಿಡ್ ಫಿಲ್ಲರ್ ಒಂದು ವರ್ಷ, ಕೆಲವರಿಗೆ ಸ್ವಲ್ಪ ಜಾಸ್ತಿ ಇರುತ್ತದೆ, ಆಮೇಲೆ ಕರಗುತ್ತದೆ. ಹೇಗೆ ಕಾಣುತ್ತೇನೆ ಅಂತ ನೋಡಬೇಕು ಅನ್ನುವವರಿಗೆ ಪರವಾಗಿಲ್ಲ. ಆದರೆ ಅದು ರಕ್ತನಾಳದೊಳಗೆ ಹೋದರೆ ಆ ಭಾಗದ ಚರ್ಮಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ವಿಪರೀತ ನೋವು, ಚರ್ಮ ಬಿಳಿಚುವುದು, ಆಮೇಲೆ ಬಲೆಬಲೆಯಾಗಿ ನೀಲಿಗಟ್ಟುವುದು ಇದರ ಗುರುತು. ತಕ್ಷಣ ಹೈಲುರಾನಿಡೇಸ್ ಎಂಬ ಔಷಧಿ ಚುಚ್ಚಿ ಕರಗಿಸಬೇಕು. ಚುಚ್ಚುವವರು ವೈದ್ಯರಾ, ಈ ಔಷಧಿ ಅವರ ಹತ್ತಿರ ಆಗಲೇ ಇದೆಯಾ ಅಂತ ಮೊದಲೇ ಕೇಳಿ. ಪಾರ್ಲರ್‌ನಲ್ಲಿ ಚುಚ್ಚಿಸಿಕೊಂಡು ಮೂರನೇ ದಿನ ನನ್ನ ಹತ್ತಿರ ಬಂದ ಹುಡುಗಿಯ ಗದ್ದದ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಚರ್ಮ ಕಪ್ಪಾಗಿತ್ತು. ವಾಸಿಯಾಯಿತು, ಕಲೆ ಉಳಿಯಿತು.

ಗದ್ದ ಉದ್ದ ಇದೆ, ಅಗಲ ಇದೆ. ಸುಮ್ನೆ ತುದಿ ಉಜ್ಜಿ ತೆಗೆದರೆ ಆಗಲ್ವಾ?

ತುದಿ ಉಜ್ಜಿದರೆ ಎಲುಬು ಕಡಿಮೆಯಾಗುತ್ತದೆ, ಚರ್ಮ ಮಾಂಸ ಅಷ್ಟೇ ಇರುತ್ತದೆ. ಅದು ಕೆಳಗೆ ಜೋತು ಬೀಳಬಹುದು. ಹಾಗಾಗಿ ಉದ್ದ ಕಮ್ಮಿ ಮಾಡಲು ಮಧ್ಯದಿಂದ ಒಂದು ಪಟ್ಟಿಯಷ್ಟು ಎಲುಬು ತೆಗೆದು, ಕೆಳಗಿನ ತುಂಡನ್ನು ಮೇಲಕ್ಕೆ ಕೂಡಿಸುತ್ತೇವೆ. ಅಗಲಕ್ಕೂ ಹಾಗೆಯೇ, ನಡುವಿನಿಂದ ತೆಗೆದು ಎರಡು ಬದಿ ಹತ್ತಿರ ತರುತ್ತೇವೆ. ಚಿಕ್ಕದು ಮಾಡುವುದು ದೊಡ್ಡದು ಮಾಡುವುದಕ್ಕಿಂತ ಕಷ್ಟ. ಚರ್ಮ ಎಷ್ಟು ಒಗ್ಗುತ್ತದೆ ಅನ್ನುವುದು ಪೂರ್ತಿ ನಮ್ಮ ಕೈಯಲ್ಲಿಲ್ಲ.

ಆಪರೇಷನ್ ಆದ ಮೇಲೆ ತುಟಿ ಮರಗಟ್ಟುತ್ತದೆ ಅಂತಾರೆ. ಬಾಯಿ ಸೊಟ್ಟ ಆಗಿಬಿಡುತ್ತಾ?

ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ. ಸಹಿ ಹಾಕುವ ಮುಂಚೆ ಪೂರ್ತಿ ಅರ್ಥ ಮಾಡಿಕೊಳ್ಳಿ.

ಕೆಳದವಡೆಯ ಎಲುಬಿನೊಳಗೆ ಎಡಗಡೆ ಒಂದು, ಬಲಗಡೆ ಒಂದು ನರ ಓಡುತ್ತದೆ. ಕೋರೆಹಲ್ಲಿನ ಹಿಂದಿರುವ ಎರಡು ಚಿಕ್ಕ ದವಡೆ ಹಲ್ಲುಗಳ ಕೆಳಗೆ ಒಂದು ರಂಧ್ರದಿಂದ ಹೊರಬಂದು ಕೆಳತುಟಿಗೆ, ಗದ್ದಕ್ಕೆ ಹರಡುತ್ತದೆ. ಹೊರಬರುವ ಮುಂಚೆ ಅದು ಎಲುಬಿನೊಳಗೆ ರಂಧ್ರಕ್ಕಿಂತ ಸ್ವಲ್ಪ ಕೆಳಗೆ ಇಳಿದು ಮತ್ತೆ ಮೇಲೆ ಏರುತ್ತದೆ. ಅದಕ್ಕೇ ಆ 5 ಮಿಲಿಮೀಟರ್ ಅಂತರ. ನರ ಕತ್ತರಿಸದಿದ್ದರೂ, ಕೆಲಸ ಮಾಡುವಾಗ ಪಕ್ಕಕ್ಕೆ ಎಳೆದು ಹಿಡಿದದ್ದಕ್ಕೇ ಅದು ಮುನಿಸಿಕೊಳ್ಳುತ್ತದೆ. ಹಾಗಾಗಿ ಮೊದಲ ಕೆಲವು ವಾರ ತುಟಿ, ಗದ್ದ ಜೋಮು ಹಿಡಿದ ಹಾಗಿರುವುದು ಹೆಚ್ಚು ಕಡಿಮೆ ಎಲ್ಲರಿಗೂ ಆಗುತ್ತದೆ.

ಇದು ಮುಟ್ಟಿದ್ದು ಗೊತ್ತಾಗುವ ನರ. ತುಟಿ ಅಲ್ಲಾಡಿಸುವ ನರ ಬೇರೆ, ಅದರ ದಾರಿಯೇ ಬೇರೆ. ಆದ್ದರಿಂದ ಮರಗಟ್ಟಿದ್ದಕ್ಕೆ ಬಾಯಿ ಸೊಟ್ಟ ಆಗುವುದಿಲ್ಲ. ಮಾತು, ನಗು ಇರುತ್ತದೆ. ನಿಮಗೆ ಮಾತ್ರ ತುಟಿ ದಪ್ಪ ಆದ ಹಾಗೆ, ಬೇರೆ ಯಾರದೋ ತುಟಿ ಅನ್ನುವ ಹಾಗೆ ಅನ್ನಿಸುತ್ತದೆ.

ದಿನನಿತ್ಯದಲ್ಲಿ ಹೇಗಿರುತ್ತದೆ ಅಂದರೆ, ನನ್ನ ಹತ್ತಿರ ಆಪರೇಷನ್ ಮಾಡಿಸಿಕೊಂಡ ಒಬ್ಬ ಹುಡುಗ ಎರಡನೇ ವಾರ ಅಮ್ಮನ ಜೊತೆ ತೋರಿಸಲು ಬಂದಿದ್ದ. ಕಾಯುವಾಗ ಕಾಫಿ ಕುಡಿದಿದ್ದ. ತುಟಿಯ ಅಂಚಿನಿಂದ ಕಾಫಿ ಗದ್ದಕ್ಕೆ ಇಳಿದು ಶರ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ಅಮ್ಮ ಸೆರಗಿನಿಂದ ಒರೆಸಿದರು. ಒರೆಸಿದ್ದೂ ಅವನಿಗೆ ಗೊತ್ತಾಗಲಿಲ್ಲ. ಆಗ ಅವನ ಕಣ್ಣು ತುಂಬಿತು. ಮೊದಲೇ ಹೇಳಿದ್ದೆ. ಆದರೆ ಕಿವಿಯಲ್ಲಿ ಕೇಳುವುದು ಬೇರೆ, ಅನುಭವಿಸುವುದು ಬೇರೆ. ಅಂದಿನಿಂದ ನಾನು ಆಪರೇಷನ್‌ಗೆ ಮುಂಚೆ ಮನೆಯವರನ್ನೂ ಕೂರಿಸಿಕೊಂಡು ಇದನ್ನು ಹೇಳುತ್ತೇನೆ. ಬಿಸಿ ಕಾಫಿ ಬೇಡ, ಉಗುರುಬೆಚ್ಚಗೆ ಮಾಡಿಕೊಳ್ಳಿ. ಗಂಡಸರು ಶೇವ್ ಮಾಡುವಾಗ ಕನ್ನಡಿ ಬಿಟ್ಟು ಕಣ್ಣು ತೆಗೆಯಬೇಡಿ, ಬ್ಲೇಡು ತಾಗಿದರೂ ತಿಳಿಯುವುದಿಲ್ಲ.

ಆ ಹುಡುಗನ ಗದ್ದದ ಮೇಲೆ ಹತ್ತಿಯ ಎಳೆ ಆಡಿಸಿ, ಗೊತ್ತಾಗದ ಜಾಗದ ಸುತ್ತ ಪೆನ್ನಿನಿಂದ ಗೆರೆ ಎಳೆದು ಫೋಟೋ ತೆಗೆದೆ. ತಿಂಗಳಿಗೊಮ್ಮೆ ಹೀಗೇ ಮಾಡಿದೆವು. ಗೆರೆ ಪ್ರತಿ ಸಲ ಚಿಕ್ಕದಾಗುತ್ತ ಬಂತು. ನಡುವೆ ಇರುವೆ ಹರಿದ ಹಾಗೆ, ಚುರುಚುರು ಅಂದ ಹಾಗೆ ಆಗುತ್ತದೆ ಅಂದ. ಅದು ನರ ಎಚ್ಚರವಾಗುತ್ತಿರುವ ಲಕ್ಷಣ. ಐದನೇ ತಿಂಗಳಿಗೆ ಅವನಿಗೆ ಪೂರ್ತಿ ಬಂತು. ಬಹಳಷ್ಟು ಜನರಿಗೆ ಮೂರರಿಂದ ಆರು ತಿಂಗಳಲ್ಲಿ ವಾಪಸ್ ಬರುತ್ತದೆ. ಕೆಲವರಿಗೆ ಒಂದು ವರ್ಷ ಬೇಕು. ಸ್ವಲ್ಪ ಜನರಿಗೆ ಒಂದು ಚಿಕ್ಕ ಜಾಗ ಶಾಶ್ವತವಾಗಿ ಹಾಗೇ ಉಳಿಯುತ್ತದೆ. ಆ ಸ್ವಲ್ಪ ಜನರಲ್ಲಿ ನೀವೂ ಒಬ್ಬರಾದರೆ ಒಪ್ಪಿಗೆಯೇ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಒಪ್ಪಿಗೆ ಇಲ್ಲ ಅನ್ನಿಸಿದರೆ ಈ ಆಪರೇಷನ್ ಬೇಡ.

ಬೇರೆ ಏನೇನು ತೊಂದರೆ ಆಗಬಹುದು?

ಮೆಂಟಾಲಿಸ್ ಸ್ನಾಯುವನ್ನು ಸರಿಯಾಗಿ ವಾಪಸ್ ಹೊಲಿಯದಿದ್ದರೆ ಗದ್ದದ ಮಾಂಸ ಜೋಲುತ್ತದೆ, ಕೆಳತುಟಿ ಇಳಿದು ಕೆಳಗಿನ ಹಲ್ಲು ಜಾಸ್ತಿ ಕಾಣುತ್ತದೆ. ಇದನ್ನು ಆಮೇಲೆ ತಿದ್ದುವುದು ಸುಲಭವಲ್ಲ. ಗದ್ದ ಮುಂದೆ ಬಂದಾಗ ಎರಡೂ ಪಕ್ಕ ದವಡೆಯ ಅಂಚಿನಲ್ಲಿ ಕೈಗೆ ಒಂದು ತಗ್ಗು ಸಿಗಬಹುದು. ಕತ್ತರಿಸಿದ ಗೆರೆ ಹಿಂದಕ್ಕೆ ಉದ್ದವಾಗಿದ್ದಷ್ಟೂ ಈ ತಗ್ಗು ಕಮ್ಮಿ. ಬೇರಿಗೆ ಪೆಟ್ಟಾದರೆ ಹಲ್ಲಿನ ಬಣ್ಣ ಬದಲಾಗಬಹುದು, ರೂಟ್ ಕೆನಾಲ್ ಬೇಕಾಗಬಹುದು. ಹೊಲಿಗೆ ಬಿಚ್ಚಿಕೊಳ್ಳುವುದು, ಕೀವು, ಪ್ಲೇಟು ಹೊರಗೆ ಕಾಣುವುದು ಆಗಾಗ ನೋಡುತ್ತೇವೆ. ಎಲುಬು ಕೂಡದೇ ಇರುವುದು ಅಪರೂಪ.

ಅಪರೂಪವಾದರೂ ನೆನಪಿಡಬೇಕಾದದ್ದು ಒಂದಿದೆ. ನಾಲಿಗೆಯ ಕೆಳಗೆ ರಕ್ತ ಕಟ್ಟಿಕೊಳ್ಳುವುದು. ಮನೆಗೆ ಬಂದ ಮೇಲೆ ನಾಲಿಗೆ ಮೇಲಕ್ಕೆ ಎದ್ದ ಹಾಗೆ, ಎಂಜಲು ನುಂಗಲು ಆಗದ ಹಾಗೆ, ಉಸಿರು ಕಟ್ಟಿದ ಹಾಗೆ ಆದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಆಮೇಲೆ ನಿಮ್ಮ ಸರ್ಜನ್‌ಗೆ ತಿಳಿಸಿ.

ಸಿಗರೇಟು, ಗುಟ್ಕಾ ಇದ್ದರೆ ಮುಚ್ಚಿಡಬೇಡಿ. ಸಿಗರೇಟು ಸೇದುವವರ ಗಾಯ ಬೇಗ ಮಾಯುವುದಿಲ್ಲ. ಆಪರೇಷನ್‌ಗೆ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆದ ಮೇಲೂ ಬಿಡಬೇಕು. ಗುಟ್ಕಾ ಹಾಕುವವರಲ್ಲಿ ಎಷ್ಟೋ ಜನರಿಗೆ ಬಾಯಿಯೊಳಗಿನ ಪೊರೆ ಬಿಗಿದುಕೊಂಡಿರುತ್ತದೆ, ಬಾಯಿ ತೆರೆಯುವುದೇ ಕಷ್ಟ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ, ಎಲುಬು ಸವೆತಕ್ಕೆ ತೆಗೆದುಕೊಳ್ಳುವ ಬಿಸ್ಫಾಸ್ಫೋನೇಟ್ ಮಾತ್ರೆ, ಎಲ್ಲವನ್ನೂ ಹೇಳಿ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಮಗು ಚಿಕ್ಕಂದಿನಲ್ಲಿ ಗದ್ದ ಊರಿ ಬಿದ್ದಿತ್ತು. ಈಗ ದವಡೆ ಬೆಳೆದಿಲ್ಲ. ಗದ್ದದ ಆಪರೇಷನ್ ಸಾಕಾ?

ಗದ್ದಕ್ಕೆ ಬಿದ್ದ ಪೆಟ್ಟು ಕಿವಿಯ ಮುಂದಿನ ದವಡೆ ಕೀಲಿಗೆ ಹೋಗುತ್ತದೆ. ಮಕ್ಕಳಲ್ಲಿ ಆ ಕೀಲು ಒಡೆದು, ಚಿಕಿತ್ಸೆ ಇಲ್ಲದೆ ಅಂಟಿಕೊಂಡುಬಿಟ್ಟರೆ ಬಾಯಿ ತೆರೆಯಲು ಆಗುವುದಿಲ್ಲ, ದವಡೆ ಬೆಳೆಯುವುದು ನಿಲ್ಲುತ್ತದೆ. ಮೊದಲು ಕೀಲು ಬಿಡಿಸಬೇಕು. ಆಮೇಲೆ ದವಡೆಯನ್ನು ದಿನಕ್ಕೆ 1 ಮಿಲಿಮೀಟರ್‌ನಂತೆ ನಿಧಾನವಾಗಿ ಉದ್ದ ಮಾಡುವ ಡಿಸ್ಟ್ರಾಕ್ಷನ್ ವಿಧಾನ ಇದೆ. ಗದ್ದ ಕೊನೆಯ ಹಂತ. ತೊಟ್ಟಿಲಿನಿಂದಲೋ ಮೆಟ್ಟಿಲಿನಿಂದಲೋ ಬಿದ್ದು ಗದ್ದ ಸೀಳಿದ ಮಗುವಿಗೆ ಹೊಲಿಗೆ ಹಾಕಿಸಿ ಸುಮ್ಮನಾಗಬೇಡಿ, ಬಾಯಿ ಪೂರ್ತಿ ತೆರೆಯುತ್ತದಾ ನೋಡಿ, ಕೀಲಿನ ಸ್ಕ್ಯಾನ್ ಕೇಳಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರದ ಸರ್ಕಾರಿ ದಂತ ಕಾಲೇಜಿನಲ್ಲಿ ಇದಕ್ಕೇ ಅಂತ ವಿಭಾಗ ಇದೆ.

ಯಾವ ವಯಸ್ಸಿಗೆ ಮಾಡಿಸಬಹುದು?

ದವಡೆ ಬೆಳೆದು ನಿಂತ ಮೇಲೆ. ಹುಡುಗಿಯರಿಗೆ ಸುಮಾರು 16, ಹುಡುಗರಿಗೆ 18 ಅಂದುಕೊಳ್ಳಿ. ಬರೀ ಅಂದಕ್ಕಾಗಿ ಆದರೆ 18 ತುಂಬಲಿ, ಸಹಿ ಅವರೇ ಹಾಕಲಿ.

ಏನು ತಿನ್ನಬಹುದು? ಕೆಲಸಕ್ಕೆ, ಬೈಕಿಗೆ ಯಾವಾಗ?

ಮೊದಲ ಎರಡು ದಿನ ತಣ್ಣಗಿನ ಎಳನೀರು, ಮಜ್ಜಿಗೆ, ಆರಿಸಿದ ರಾಗಿ ಗಂಜಿ. ಸ್ಟ್ರಾ ಬೇಡ, ಹೀರುವಾಗ ಹೊಲಿಗೆ ಎಳೆಯುತ್ತದೆ. ಮೂರನೇ ದಿನದಿಂದ ಕಿವುಚಿದ ಮೊಸರನ್ನ, ಮೆತ್ತಗಿನ ಇಡ್ಲಿ, ಬೇಳೆ ಕಟ್ಟು. ಚಕ್ಕುಲಿ, ಕೋಡುಬಳೆ, ಕಬ್ಬು ಆರು ವಾರ ನೆನೆಯಬೇಡಿ. ಪ್ರತಿ ಊಟದ ನಂತರ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಿ, ಹೊಲಿಗೆಯ ಜಾಗಕ್ಕೆ ಬ್ರಷ್ ತಾಗಿಸಬೇಡಿ.

ಊತ ಎರಡನೇ, ಮೂರನೇ ದಿನ ಅತಿ ಹೆಚ್ಚು. ಆ ದಿನ ಕನ್ನಡಿ ನೋಡಿ ಹೆದರಿ ಫೋನ್ ಮಾಡುವವರೇ ಹೆಚ್ಚು. ತಲೆ ಎತ್ತರ ಇಟ್ಟು ಮಲಗಿ. ಗದ್ದಕ್ಕೆ ಹಾಕಿದ ಟೇಪು ಐದಾರು ದಿನ ಇರಲಿ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಒಂದು ವಾರ ಹತ್ತು ದಿನ ಬಿಟ್ಟು ಹೋಗಬಹುದು.

ಬೈಕ್ ವಿಷಯ ಯಾರೂ ಯೋಚಿಸಿರುವುದಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದೇ ಗದ್ದದ ಅಡಿ. ಪಟ್ಟಿ ಸಡಿಲ ಬಿಟ್ಟು ಓಡಿಸುವುದು ಇನ್ನೂ ಅಪಾಯ. ನಮ್ಮ ರಸ್ತೆಯ ಗುಂಡಿ, ಹಂಪ್ ನಿಮಗೇ ಗೊತ್ತು. ಆರು ವಾರ ಮೆಟ್ರೋ, ಬಸ್ಸು, ಆಟೋದಲ್ಲಿ ಓಡಾಡಿ. ಕ್ರಿಕೆಟ್, ಕಬಡ್ಡಿಗೆ ಎರಡು ತಿಂಗಳು ಬೇಡ.

ಇನ್ಶೂರೆನ್ಸ್ ಸಿಗುತ್ತದಾ?

ಬರೀ ಅಂದಕ್ಕಾಗಿ ಆದರೆ ಸಾಮಾನ್ಯ ಪಾಲಿಸಿಗಳಲ್ಲಿ ಸಿಗುವುದಿಲ್ಲ. ಅಪಘಾತದ ನಂತರ ಮುಖ ಸರಿಪಡಿಸಲು, ಅಥವಾ ಆರೋಗ್ಯಕ್ಕೆ ಅಗತ್ಯ ಅಂತ ವೈದ್ಯರು ಬರೆದುಕೊಟ್ಟರೆ ಸಿಗಬಹುದು. ಅಂದಕ್ಕೆ ಮಾಡಿಸಿದ್ದನ್ನು ಕಾಯಿಲೆ ಅಂತ ಬರೆದುಕೊಡಿ ಅಂತ ಕೇಳಬೇಡಿ. ನಾನು ಬರೆಯುವುದಿಲ್ಲ.

ಯಾರ ಹತ್ತಿರ, ಎಲ್ಲಿ ಮಾಡಿಸಬೇಕು?

ಪ್ಲಾಸ್ಟಿಕ್ ಸರ್ಜನ್ ಅಥವಾ ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ಮಾಡಿದ ಮ್ಯಾಕ್ಸಿಲೋಫೇಶಿಯಲ್, ಅಂದರೆ ದವಡೆ ಮತ್ತು ಮುಖದ ಸರ್ಜನ್, ಇಬ್ಬರೂ ಮಾಡುತ್ತಾರೆ. ಅವರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲೋ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲೋ ನೋಂದಣಿ ಆಗಿದೆಯಾ ನೋಡಿ. ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ಕೆಳಗೆ ಪಡೆದ ನೋಂದಣಿ ಪತ್ರ ಗೋಡೆಯ ಮೇಲೆ ಇರಬೇಕು. 2022ರ ಮೇ ತಿಂಗಳಲ್ಲಿ ಇದೇ ಊರಿನಲ್ಲಿ ಕೊಬ್ಬು ತೆಗೆಯುವ ಆಪರೇಷನ್ ನಂತರ ಕಿರುತೆರೆಯ ಯುವ ನಟಿಯೊಬ್ಬರು ತೀರಿಕೊಂಡರು. ಆಪರೇಷನ್ ಬೇರೆ ಇರಬಹುದು, ಕೇಳಬೇಕಾದ ಪ್ರಶ್ನೆಗಳು ಅವೇ. ಅರಿವಳಿಕೆ ತಜ್ಞರು ಯಾರು, ಅವರು ಕೊನೆಯವರೆಗೂ ಇರುತ್ತಾರಾ, ಅದೇ ಕಟ್ಟಡದಲ್ಲಿ ಐಸಿಯು ಇದೆಯಾ, ರಾತ್ರಿ ನನ್ನನ್ನು ನೋಡಿಕೊಳ್ಳುವ ಡಾಕ್ಟರು ಯಾರು. ಈ ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಮಾಡಿಸಬೇಡಿ.

ಪ್ಲೇಟು ತೆಗೆಸಬೇಕಾ? ಏರ್‌ಪೋರ್ಟಿನಲ್ಲಿ ಸದ್ದು ಮಾಡುತ್ತದಾ?

ತೊಂದರೆ ಕೊಡದಿದ್ದರೆ ತೆಗೆಸಬೇಕಿಲ್ಲ. ಇಷ್ಟು ಚಿಕ್ಕ ಟೈಟಾನಿಯಂ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಎಂಆರ್‌ಐ ಮಾಡಿಸುವಾಗ ಪ್ಲೇಟು ಇದೆ ಅಂತ ಹೇಳಿ, ಸಾಕು.

ಮದುವೆಗೆ ಎರಡು ತಿಂಗಳಿದೆ. ಮಾಡಿಸಬಹುದಾ?

ಬೇಡ. ಎರಡು ತಿಂಗಳಿಗೆ ಎಲುಬು ಕೂಡಿರುತ್ತದೆ, ಆದರೆ ಊತ ಪೂರ್ತಿ ಇಳಿದಿರುವುದಿಲ್ಲ. ಅರಿಶಿನ ಹಚ್ಚುವ ದಿನ ಗದ್ದಕ್ಕೆ ಯಾರು ಮುಟ್ಟಿದರು ಅಂತಲೂ ಗೊತ್ತಾಗದ ಹಾಗಿರುತ್ತದೆ. ಕನಿಷ್ಠ ಆರು ತಿಂಗಳು ಮುಂಚೆ ಬನ್ನಿ. ಅಷ್ಟು ದಿನ ಇಲ್ಲದಿದ್ದರೆ ಮದುವೆ ಮುಗಿಸಿಕೊಂಡು ಬನ್ನಿ. ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಹೇಳಿದರು ಅಂತ ಮಾಡಿಸುತ್ತಿದ್ದರೆ ಮೊದಲು ಒಬ್ಬರೇ ಬಂದು ನನ್ನ ಹತ್ತಿರ ಮಾತಾಡಿ. ಆ ದಿನ ಎಕ್ಸ್‌ರೇ ಬೇಡ.